ಬ್ಯಾಂಡಿನ ಹೆಂಗಸರ ಮೇಜು

ಸೀಟ್‌ಬೆಲ್ಟ್ ಬಿಚ್ಚಲು ವರ್ಲಾ ಗಂಡನ ಮೇಲೆ ಬಾಗಿದಾಗ ಅವನ ಅಂಗಿಯ ಜೇಬು ಅವಳ ಮೊಣಕೈಗೆ ತಗಲಿತು. ಒಳಗೆ ಏನೋ ಗಟ್ಟಿಯಾದದ್ದು, ಭಾರವಾದದ್ದು ಇತ್ತು. ಬೆಳಿಗ್ಗೆ ಆ ಅಂಗಿ ತೊಡಿಸಿ ಒತ್ತುಗುಂಡಿಗಳನ್ನು ಟಕ್ ಟಕ್ ಎಂದು ಒಂದೊಂದಾಗಿ ಒತ್ತಿದವಳು ಅವಳೇ. ಆಗ ಜೇಬು ಖಾಲಿ ಇತ್ತು. ಮತ್ತೊಮ್ಮೆ ಮುಟ್ಟಿ ನೋಡುವ ಅಗತ್ಯವೇನೂ ಇರಲಿಲ್ಲ. ಮದುವೆಯಾದಾಗಿನಿಂದ ಬಟ್ಟೆ ಒಗೆಯುವ ಮೊದಲು ಅವನ ಜೇಬುಗಳಿಂದ ಅವಳು ತೆಗೆದಿಡುತ್ತ ಬಂದ ವಸ್ತು ಅದು: ಹೆಬ್ಬೆರಳಿಗಿಂತ ತುಸು ಉದ್ದದ, ನುಣುಪಾದ ಉಕ್ಕಿನ ತುಂಡು. ಸ್ಟೀಲ್ ಗಿಟಾರ್ ನುಡಿಸುವವನು ಎಡಗೈಯಲ್ಲಿ ಹಿಡಿದು ತಂತಿಗಳ ಮೇಲೆ ಜಾರಿಸುವುದು ಅದನ್ನೇ.

"ಏನು?" ಎಂದ ಹಾಯ್ಟ್.

"ಏನಿಲ್ಲ. ಬೆಲ್ಟ್ ಸಿಕ್ಕಾಕ್ಕೊಂಡಿತ್ತು."

ಅವನು ಕೇಳಿಸಿಕೊಳ್ಳಲಿಲ್ಲ. ಓಕ್ ಮರಗಳ ಕೆಳಗೆ ಸಾಲಾಗಿ ನಿಂತ ಟ್ರಕ್ಕುಗಳನ್ನು, ಅದರಾಚೆ ತಗಡಿನ ಛಾವಣಿ ಹೊತ್ತು ಕೂತಿದ್ದ ಡ್ರಾಬೆಕ್ ಎಂಬ ಕುಣಿತದ ಹಾಲನ್ನು ನೋಡುತ್ತಿದ್ದ. ಭಾನುವಾರ ಮಧ್ಯಾಹ್ನ ಎರಡು ಗಂಟೆ. ಟೆಕ್ಸಸ್ಸಿನಲ್ಲಿ ಬೇಸಿಗೆ ಮುಗಿಯುವುದು ಕ್ಯಾಲೆಂಡರಿನಲ್ಲಿ ಮಾತ್ರ. ಸೆಪ್ಟೆಂಬರಿನ ಬಿಸಿಲು ಜಲ್ಲಿಯಿಂದ ಎದ್ದು ಮುಖಕ್ಕೆ ಹೊಡೆಯುತ್ತಿತ್ತು. ವರ್ಲಾಳ ಪಾದಗಳು ಬೂಟಿನೊಳಗೆ ಆಗಲೇ ಊದಿಕೊಂಡಿದ್ದವು. ವಾರವೆಲ್ಲ ಶಾಲೆಯ ಅಡುಗೆಮನೆಯಲ್ಲಿ ನಿಂತೇ ಇರುವವಳಿಗೆ ಭಾನುವಾರ ಎಂದರೆ ಕಾಲು ಚಾಚುವ ದಿನ. ಇವತ್ತು ಅದೂ ಹೋಯಿತು.

ಶುಕ್ರವಾರ, ಮುನ್ನೂರು ಮಕ್ಕಳ ತಟ್ಟೆಗಳೆಲ್ಲ ತೊಳೆದು ಒಣಗಿದ ಮೇಲೆ, ಅವಳು ಅಲ್ಲಿಂದಲೇ ಗಾರ್ಲಂಡನಿಗೆ ಫೋನ್ ಮಾಡಿದ್ದಳು. ಗಾರ್ಲಂಡ್ ಬ್ಯಾಂಡಿನ ಯಜಮಾನ, ಹಾಡುವವನು. ಕೈನಡುಕ ಶುರುವಾಗಿ ಹಾಯ್ಟ್ ಬ್ಯಾಂಡು ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಇಷ್ಟು ದಿನ ಆ ಕಡೆ ತಲೆ ಹಾಕದಿದ್ದವನು ಈ ವಾರ ತಾನಾಗಿಯೇ, ಹೋಗಿ ಕೇಳಿ ಬರೋಣ ಎಂದಿದ್ದ. ಹಳೆಯ ವಾದಕರು ಜನರ ನಡುವೆ ಕೂತಿದ್ದರೆ ಹೆಸರು ಹಿಡಿದು ಮೇಲೆ ಕರೆದು, ಕೊನೆಯ ವಾಲ್ಟ್ಸನ್ನು, ಜೋಡಿಗಳು ಅಪ್ಪಿ ಕುಣಿಯುವ ಆ ನಿಧಾನದ ಹಾಡನ್ನು, ನುಡಿಸಲು ಅವರಿಗೆ ಬಿಟ್ಟುಕೊಡುವುದು ಈ ಹಾಲಿನ ರಿವಾಜು. ಕರೆಯದಿದ್ದರೆ ಅವಮಾನ. ಕರೆದ ಮೇಲೆ ಹೋಗದಿದ್ದರೂ ಅವಮಾನವೇ.

"ಅವನ್ನ ಕರೀಬೇಡ ಗಾರ್ಲಂಡ್," ಎಂದಿದ್ದಳು ವರ್ಲಾ.

"ಕರೀದೆ ಹೆಂಗಿರ್ಲಿ? ಇಪ್ಪತ್ತೊಂಬತ್ತು ವರ್ಷ ನನ್ನ ಎಡಗಡೆ ಕೂತಿದ್ದೋನು."

"ನಿನ್ನ ಎಡಗಡೆ ಕೂರ್ತಿದ್ದ. ನನ್ನ ಎಡಗಡೆ ಮಲಗ್ತಾನೆ. ಆ ಕೈ ಏನು ಮಾಡುತ್ತೆ ಅಂತ ನಂಗೊತ್ತು."

ಈಸ್ಟರ್ ಹಬ್ಬದ ದಿನ ಊಟವಾದ ಮೇಲೆ ಹಾಯ್ಟ್ ಗಿಟಾರಿನ ಮೇಲಿನ ಹೊದಿಕೆ ತೆಗೆದು ಕೂತಿದ್ದ. ಎಡಗೈ ಸರಿಯಾಗಿಯೇ ಇತ್ತು, ಪೆಡಲು ತುಳಿಯುವ ಕಾಲುಗಳೂ ಸರಿಯಾಗಿದ್ದವು. ತಂತಿ ಮೀಟುವ ಬಲಗೈ ಮಾತ್ರ ಒಂದು ತಂತಿಗೆ ಹೋದರೆ ಪಕ್ಕದ ಮೂರನ್ನೂ ಮುಟ್ಟಿ ಬರುತ್ತಿತ್ತು; ಬೆರಳಿಗೆ ಹಾಕಿದ ಲೋಹದ ಉಗುರುಗಳು ಗಲಗಲ ಸದ್ದು ಮಾಡಿದವು. ಅವನು ಮತ್ತೆ ಬಟ್ಟೆ ಹೊದಿಸಿ ಎದ್ದ. ಆಮೇಲೆ ನಾಲ್ಕು ದಿನ ಅವಳೊಂದಿಗೆ ಮಾತಾಡಲಿಲ್ಲ, ಉಪ್ಪು ಕೊಡು ಅಂತಲೂ ಕೇಳಲಿಲ್ಲ. ಮನೆಯೊಳಗೆ ಆದದ್ದೇ ಅಷ್ಟು. ಇನ್ನೂರು ಜನರ ಎದುರು ಆದರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ಅವಳಿಗೆ ಖಾತ್ರಿಯಿತ್ತು. ಗಾರ್ಲಂಡ್ "ಸರಿ. ಪಾಪ ನಿನ್ನ ತಲೆ ಮೇಲೆ," ಎಂದು ಫೋನ್ ಇಟ್ಟಿದ್ದ.

ಈಗ ಈ ಉಕ್ಕಿನ ತುಂಡು ಜೇಬಿನಲ್ಲಿದೆ. ಅವನು ಬರೀ ಕೇಳಲು ಬಂದಿಲ್ಲ, ಕರೆಗಾಗಿ ಬಂದಿದ್ದಾನೆ.

ಇಷ್ಟು ವರ್ಷ ಹಾಯ್ಟ್ ಹಿಂಬಾಗಿಲಿನಿಂದ, ವೇದಿಕೆಯ ಮೆಟ್ಟಿಲು ಹತ್ತಿ ಒಳಗೆ ಹೋದವನು. ಇವತ್ತು ಮುಂಬಾಗಿಲಿಗೆ ಬಂದು ಸಾಲಿನಲ್ಲಿ ನಿಂತ. ಬಾಗಿಲಲ್ಲಿ ಕೂತು ದುಡ್ಡು ಪಡೆದು ಜನರ ಮುಂಗೈಗೆ ಶಾಯಿಯ ಮುದ್ರೆ ಒತ್ತುತ್ತಿದ್ದ ಲಿಡಿಯಾ ಕನ್ನಡಕ ಮೇಲೇರಿಸಿ ನೋಡಿದಳು.

"ಅಯ್ಯೋ ಹಾಯ್ಟ್! ನಿಂಗ್ಯಾಕಪ್ಪ ಮುದ್ರೆ? ಬ್ಯಾಂಡಿನೋರಿಗೆ ಯಾವತ್ತು ಹಾಕಿದ್ದೀನಿ? ನಡಿ ಒಳಗೆ."

"ಹಾಕು ಲಿಡಿಯಾ. ಎಲ್ರಿಗೂ ಹಾಕೋ ಹಾಗೆ ಹಾಕು."

ಅವನು ಬಲಗೈ ಚಾಚಿದ. ಲಿಡಿಯಾ ಒತ್ತುವಷ್ಟರಲ್ಲಿ ಕೈ ಆಚೆ ಸರಿದು ಮುದ್ರೆ ಕಲಸಿಹೋಯಿತು. ಹಿಂದೆ ನಿಂತ ಜನ ಬೂಟುಗಳನ್ನು ನೋಡಿಕೊಂಡರು. "ಇರ್ಲಿ ಬಿಡು, ಗೊತ್ತಾಗುತ್ತೆ," ಎಂದಳು ಲಿಡಿಯಾ. ವರ್ಲಾ ತನ್ನ ಕೈ ಮುಂದೆ ಮಾಡಿದಳು. ಅವಳಿಗೂ ಯಾವತ್ತೂ ಮುದ್ರೆ ಬಿದ್ದಿರಲಿಲ್ಲ.

ಒಳಗೆ ಗೋಡೆಯ ಹಲಗೆಗಳನ್ನು ಕೋಲು ಕೊಟ್ಟು ಎತ್ತಿ ನಿಲ್ಲಿಸಿದ್ದರು. ಗಾಳಿ ಬರಲಿ ಎಂದು. ಬರುತ್ತಿದ್ದದ್ದು ಬಿಸಿಲು ಮತ್ತು ಹೊರಗೆ ಸುಡುತ್ತಿದ್ದ ಸಾಸೇಜಿನ ಹೊಗೆ. ಬೂಟು ಸಲೀಸಾಗಿ ಜಾರಲಿ ಎಂದು ಮರದ ನೆಲದ ಮೇಲೆ ಜೋಳದ ಹಿಟ್ಟು ಎರಚಿದ್ದರು. ಉದ್ದ ಮೇಜುಗಳಲ್ಲಿ ಅವರವರ ಮನೆತನದವರು, ಅವರವರ ಐಸಿನ ಬಕೆಟ್ಟು, ಅವರವರ ಬಾಟಲಿ. ಎಲ್ಲಿ ಯಾರು ಕೂರಬೇಕೆಂದು ಬರೆದಿಟ್ಟಿಲ್ಲ, ಆದರೆ ತಪ್ಪಿ ಕೂತರೆ ಮುದುಕಿಯರು ಕಣ್ಣಲ್ಲೇ ಎಬ್ಬಿಸುತ್ತಾರೆ.

ವರ್ಲಾ ನೇರವಾಗಿ ತನ್ನ ಮೇಜಿಗೆ ಹೋದಳು. ವೇದಿಕೆಯ ಮೂಲೆಯಲ್ಲಿ, ಕಪ್ಪು ಸ್ಪೀಕರ್ ಪೆಟ್ಟಿಗೆಗಳ ಬುಡದಲ್ಲಿದ್ದ ಆ ಮೇಜು ಬ್ಯಾಂಡಿನವರ ಹೆಂಡತಿಯರದು. ಒಂದು ಕಾಲಕ್ಕೆ ಅಲ್ಲಿ ಐವರಿದ್ದರು. ಡ್ರಮ್ ಬಾರಿಸುವವನ ಹೆಂಡತಿ ಅವನನ್ನು ಬಿಟ್ಟಳು, ಇಬ್ಬರು ಸತ್ತರು, ಇನ್ನೊಬ್ಬಳು ಮಗಳ ಮನೆಗೆ ಹೋದವಳು ತಿರುಗಿ ಬರಲಿಲ್ಲ. ಉಳಿದವಳು ವರ್ಲಾ. ಆ ಮೇಜಿನ ಹೆಂಗಸರ ಕೆಲಸ ಎಲ್ಲರಿಗೂ ಗೊತ್ತಿದ್ದದ್ದೇ: ಕುಣಿಯಲು ಹೋಗುವವರ ಪರ್ಸು, ಕೋಟು, ಕನ್ನಡಕ ಕಾಯುವುದು. ಮರ್ಯಾದಸ್ಥ ಗಂಡಸರು ಬಂದು ತಲಾ ಒಂದೊಂದು ಸುತ್ತು ಅವರನ್ನೂ ಕುಣಿಸಿ ತಂದು ಕೂರಿಸುತ್ತಿದ್ದರು. ಆದರೆ ಅದು ಎರಡು ಹೆಜ್ಜೆಯ ಕುಣಿತ ಮಾತ್ರ. ವಾಲ್ಟ್ಸ್ ಗಂಡನದು. ಮೇಲೆ ಗಂಡ ನುಡಿಸುತ್ತಿರುವಾಗ ಅವನ ಹೆಂಡತಿಯನ್ನು ವಾಲ್ಟ್ಸಿಗೆ ಕರೆಯುವಷ್ಟು ನಾಚಿಕೆಗೆಟ್ಟವರು ಈ ಸೀಮೆಯಲ್ಲಿ ಇರಲಿಲ್ಲ. ಹೀಗಾಗಿ ವಾಲ್ಟ್ಸ್ ಬಂತೆಂದರೆ ವರ್ಲಾ ಪರ್ಸು ಕಾಯುತ್ತಿದ್ದಳು.

ಅಲ್ಲಿಂದ ಅವಳಿಗೆ ಪೂರ್ತಿ ಬ್ಯಾಂಡು ಕಾಣುತ್ತಿರಲಿಲ್ಲ. ಸ್ಪೀಕರಿಗೂ ಪರದೆಗೂ ನಡುವಿನ ಸಂದಿಯಲ್ಲಿ ಹಾಯ್ಟ್‌ನ ಕಾಲುಗಳು ಕಾಣುತ್ತಿದ್ದವು. ನಾಲ್ಕು ಕಾಲಿನ ಮೇಜಿನ ಹಾಗೆ ನಿಂತ ಆ ಗಿಟಾರಿನ ಕೆಳಗೆ ಸಾಲಾಗಿ ಪೆಡಲುಗಳಿದ್ದವು. ಎಡಗಾಲಿನಲ್ಲಿ ಒಂದನ್ನು ತುಳಿದರೆ ತಂತಿ ಬಿಗಿಯಾಗಿ ಸ್ವರ ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ. ಇಪ್ಪತ್ತೊಂಬತ್ತು ವರ್ಷ ಅವಳು ಗಂಡನ ಎಡಗಾಲಿನ ಬೂಟು ಏಳುವುದನ್ನೂ ಬೀಳುವುದನ್ನೂ ನೋಡಿದ್ದಳು. ಹಾಡು ಗೊತ್ತಿಲ್ಲದಿದ್ದರೂ ಬೂಟು ನೋಡಿ ಮುಂದೇನು ಬರುತ್ತದೆ ಎಂದು ಹೇಳಬಲ್ಲಳು.

ಈಗ ಆ ಸಂದಿಯಲ್ಲಿ ಕಂಡದ್ದು ಸಣ್ಣ ಅಳತೆಯ ಕೆಂಪು ಬೂಟುಗಳು.

"ಹುಡುಗಿ," ಎಂದ ಹಾಯ್ಟ್, ಕತ್ತು ಚಾಚಿ. "ಗಾರ್ಲಂಡ್ ನಂಗೆ ಹೇಳ್ಲೇ ಇಲ್ಲ."

"ಹುಡುಗಿ ಆದ್ರೇನು?"

"ಏನಿಲ್ಲ. ಹೇಳ್ಲಿಲ್ಲ ಅಂದೆ."

ಬ್ಯಾಂಡು ಶುರುವಾಯಿತು. ಗಾರ್ಲಂಡನಿಗೆ ಎಪ್ಪತ್ತೊಂದು, ದನಿ ಸೀಳಿದೆ, ಆದರೆ ಹೆಂಡದಂಗಡಿಯ ಈ ಹಾಂಕಿ-ಟಾಂಕ್ ಹಾಡುಗಳಿಗೆ ಸೀಳಿದ ದನಿಯೇ ಚೆಂದ. ಬಿಟ್ಟುಹೋದ ಹೆಂಡತಿ, ಬಾಡಿಗೆಯ ಕೋಣೆ, ಖಾಲಿ ಲೋಟ — ನಲವತ್ತು ವರ್ಷದಿಂದ ಅದೇ ಮೂರು ದುಃಖಗಳನ್ನು ಹೊರಳಿಸಿ ಹೊರಳಿಸಿ ಹಾಡಿದ್ದಾನೆ, ಜನ ತಿರುಗಿ ತಿರುಗಿ ಬಂದಿದ್ದಾರೆ. ಪಿಟೀಲು ಒಂದು ಸಾಲು ಎತ್ತಿಕೊಟ್ಟಿತು, ಸ್ಟೀಲ್ ಗಿಟಾರ್ ಅದಕ್ಕೆ ಉತ್ತರ ಹೇಳಿತು. ಜೋಡಿಗಳು ಎದ್ದವು. ಗಾಣದ ಎತ್ತಿನ ಹಾಗೆ ಎಲ್ಲರೂ ಒಂದೇ ದಿಕ್ಕಿಗೆ ಸುತ್ತತೊಡಗಿದರು; ಬೇಗ ಹೋಗುವವರು ಹೊರಗಿನ ಸುತ್ತಿನಲ್ಲಿ, ನಿಧಾನದವರು ಒಳಗೆ, ಕುಣಿಯಲು ಬಾರದವರೂ ಮಕ್ಕಳೂ ನಟ್ಟನಡುವೆ.

ಹಾಯ್ಟ್ ಕಣ್ಣು ಮುಚ್ಚಿ ಕೇಳಿದ. ಮೇಜಿನ ಕೆಳಗೆ ಅವನ ಎಡಗಾಲು ಏಳುತ್ತ ಬೀಳುತ್ತ ಇರುವುದನ್ನು ವರ್ಲಾ ನೋಡಿದಳು.

"ಹೆಂಗಿದೆ?" ಎಂದು ಕೇಳಿದಳು.

"ಹ್ಞೂಂ. ಕೂದಲೆಳೆಯಷ್ಟು ತಡ ಮಾಡ್ತಾಳೆ." ಸ್ವಲ್ಪ ಹೊತ್ತಿಗೆ ತಾನೇ, "ಬೇಕಂತ ಮಾಡ್ತಾಳೋ ಏನೋ. ಕೆಟ್ಟದಾಗಿಲ್ಲ," ಎಂದ.

ಅವನ ಬಾಯಿಂದ ಕೆಟ್ಟದಾಗಿಲ್ಲ ಎಂಬ ಮಾತು ಬರುವುದು ವರ್ಷಕ್ಕೊಮ್ಮೆ. ಅವನು ನಡುನಡುವೆ ಜೇಬು ಮುಟ್ಟಿಕೊಳ್ಳುತ್ತಿದ್ದ. ಈಗಲೂ ಎದ್ದು ಹೋಗಿ ಗಾರ್ಲಂಡನಿಗೆ ಕರೆ ಎಂದು ಕಣ್ಸನ್ನೆ ಮಾಡಬಹುದು, ನಾಲ್ಕೇ ಮೆಟ್ಟಿಲು, ಎಂದುಕೊಂಡಳು ವರ್ಲಾ. ಏಳಲಿಲ್ಲ. ಅವಳಿಗೆ ಭಯವಿತ್ತು, ಅದು ನಿಜ. ಆದರೆ ಭಯದ ಕೆಳಗೆ ಇನ್ನೊಂದಿತ್ತು. ಅದನ್ನು ಗಾರ್ಲಂಡನಿಗೆ ಹೇಳಿರಲಿಲ್ಲ, ತನಗೆ ತಾನೂ ಸರಿಯಾಗಿ ಹೇಳಿಕೊಂಡಿರಲಿಲ್ಲ. ಮದುವೆಯಾಗಿ ಮೂವತ್ತಮೂರು ವರ್ಷದಲ್ಲಿ ಮೊದಲ ಸಲ ಗಂಡ ಈ ಹಾಲಿನಲ್ಲಿ ಅವಳ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಅವನನ್ನು ಮತ್ತೆ ಮೇಲೆ ಕಳಿಸಲು ಅವಳಿಗೆ ಮನಸ್ಸಿರಲಿಲ್ಲ.

ಎಮಿಲ್ ಕುಬೇನಾ ಬಂದು ಟೋಪಿ ಎತ್ತಿದ. ಎಂಬತ್ತನಾಲ್ಕು ವರ್ಷದ ವಿಧುರ. ಹಾಲಿನಲ್ಲಿರುವ ಪ್ರತಿ ಒಂಟಿ ಹೆಂಗಸನ್ನೂ ಒಂದೊಂದು ಸುತ್ತು ಕುಣಿಸುವುದು ತನ್ನ ಪಾಲಿಗೆ ಬಂದ ಧರ್ಮ ಎಂದು ತಿಳಿದವನು.

"ಏನಮ್ಮಾ ವರ್ಲಾ, ಈ ಸಲ ಪರ್ಸು ಕಾಯೋಕೆ ಗಂಡನ್ನೇ ಕೂರ್ಸಿದ್ದೀಯಾ? ಬಾ, ಒಂದು ಸುತ್ತು. ಹಾಯ್ಟ್, ಕರ್ಕೊಂಡು ಹೋಗ್ಲಾ?"

"ಹೋಗು. ಮುರೀದೆ ವಾಪಸ್ ತಂದ್ಕೊಡು."

"ನೀನೇ ಎದ್ದು ಕುಣಿಯಬಾರ್ದೇನಯ್ಯ? ಈಗೇನು ನಿಂಗೆ ಮೇಲೆ ಕೆಲ್ಸ ಇಲ್ವಲ್ಲ."

"ನೆಲ ಸರಿಯಿಲ್ಲ."

"ಹೌದೌದು. ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ!" ಎಮಿಲ್ ತನ್ನ ಮಾತಿಗೆ ತಾನೇ ನಕ್ಕ. ಹಾಯ್ಟ್‌ಗೆ ಕುಣಿಯಲು ಬಾರದು ಎಂಬುದು ಇಲ್ಲಿ ಹಳೆಯ ತಮಾಷೆ. ಹದಿನೆಂಟಕ್ಕೇ ಗಿಟಾರಿನ ಹಿಂದೆ ಕೂತವನು. ಮೂರು ಜಿಲ್ಲೆಯ ಜನರನ್ನು ಕುಣಿಸಿದ, ತಾನು ಮಾತ್ರ ಕಾಲೆತ್ತಿ ಇಡಲು ಕಲಿಯಲಿಲ್ಲ.

ಎಮಿಲನ ಕೈ ಒಣಗಿದ ಕಟ್ಟಿಗೆಯಂತಿದ್ದರೂ ಹೆಜ್ಜೆ ತಪ್ಪುತ್ತಿರಲಿಲ್ಲ. ವೇದಿಕೆಯ ಮುಂದೆ ಬಂದಾಗ ಗಾರ್ಲಂಡ್ ವರ್ಲಾಳನ್ನು ನೋಡಿದವನೇ ಮುಖ ತಿರುಗಿಸಿ ಪಿಟೀಲಿನವನ ಕಡೆ ಹಾಡಿದ.

"ಕೊನೇಲಿ ಹಾಯ್ಟ್‌ನ ಕರೀತಾರಲ್ಲ?" ಎಂದ ಎಮಿಲ್. "ಅದಕ್ಕೇ ಬಂದಿರೋದು ನಾನು. ಮಂಡಿನೋವಿಗೆ ಎರಡು ಮಾತ್ರೆ ನುಂಗಿ ಬಂದಿದ್ದೀನಿ."

"ಗೊತ್ತಿಲ್ಲ ಎಮಿಲ್."

"ಕರೀದೆ ಏನು? ಕರೀತಾರೆ ಬಿಡು."

ಎರಡನೆಯ ಸರದಿ ಮುಗಿದು ಬ್ಯಾಂಡಿನವರು ನೀರು ಕುಡಿಯಲು ಇಳಿದಾಗ ಐದು ಗಂಟೆ. ಗಾರ್ಲಂಡ್ ಈ ಮೇಜಿಗೆ ಬರಲಿಲ್ಲ. ಹಿಂಬಾಗಿಲಿಂದ ಹೊರಗೆ ಹೋದ. ಬಂದದ್ದು ಕೆಂಪು ಬೂಟಿನ ಹುಡುಗಿ. ಇಪ್ಪತ್ತನಾಲ್ಕು ಇಪ್ಪತ್ತೈದು ವರ್ಷ ಇರಬಹುದು, ಬೆವರಿಗೆ ಕೂದಲು ಹಣೆಗೆ ಅಂಟಿತ್ತು.

"ಸಾರ್, ನಾನು ಮಾರಿಸೋಲ್. ಅಮ್ಮಾ, ಒಂದ್ನಿಮಿಷ ಕೂತ್ಕೋಬಹುದಾ? ಹೆದರಿಕೆ ಆಗ್ತಿತ್ತು, ನೀವು ಇಲ್ಲೇ ಕೂತು ಕೇಳ್ತಿದ್ದೀರ ಅಂತ."

"ಕೂತ್ಕೋ," ಎಂದ ಹಾಯ್ಟ್. "ಯಾರ ಹತ್ರ ಕಲ್ತೆ?"

"ನಿಮ್ಮ ಹತ್ರಾನೇ ಸಾರ್. ಹನ್ನೊಂದು ವರ್ಷದೋಳಿದ್ದಾಗ ನಮ್ಮ ಚಿಕ್ಕಪ್ಪ ಇಲ್ಲಿ ಸಾಸೇಜ್ ಸುಡೋ ಕೆಲ್ಸಕ್ಕೆ ಬರ್ತಿದ್ದ. ನಾನು ಹಿಂದ್ಗಡೆ ಮೆಟ್ಲ ಮೇಲೆ ಕೂತು ನಿಮ್ಮನ್ನೇ ನೋಡ್ತಿದ್ದೆ. ನೀವೊಂದ್ಸಲ, ಏಯ್ ಹುಡುಗಿ ಏಳು, ದಾರೀಲಿ ಕೂರ್ಬೇಡ ಅಂದ್ರಿ."

ಹಾಯ್ಟ್ ನಕ್ಕ. ಅವನು ಹಾಗೆ ನಕ್ಕದ್ದನ್ನು ವರ್ಲಾ ನೋಡಿ ಬಹಳ ದಿನವಾಗಿತ್ತು.

"ತಡ ಮಾಡ್ತೀಯಲ್ಲ ಸ್ವಲ್ಪ, ಪೆಡಲು ಬಿಡುವಾಗ. ಬೇಕಂತಾನಾ?"

"ನೀವು ಮಾಡ್ತಿದ್ರಲ್ಲ ಸಾರ್."

"ನಾನು ತುಳಿಯೋದು ಮುಂಚೆ ಮಾಡ್ತಿದ್ದೆ. ಬಿಡೋದು ತಡ ಮಾಡ್ತಿದ್ದೆ. ಎರಡೂ ಬೇಕು. ಜನಕ್ಕೆ ಸ್ವರ ಕೇಳೋಕೆ ಮುಂಚೆ ಕಾಲು ಅಲ್ಲಿರ್ಬೇಕು."

ಅವಳು ಅದನ್ನು ಪೆಡಲ್ ಇಲ್ಲದ ನೆಲದ ಮೇಲೆ ಎರಡು ಸಲ ಮಾಡಿ ನೋಡಿದಳು. ಹಾಯ್ಟ್ ಬಗ್ಗಿ ಅವಳ ಬೂಟು ನೋಡಿ ತಲೆಯಾಡಿಸಿದ. ಹುಡುಗಿಗೆ ಖುಷಿಯಾಗಿ ಬಾಯಿ ಸಡಿಲವಾಯಿತು.

"ನನ್ನ ಗಿಟಾರು ಗಿಡ್ಡ ಸಾರ್, ನಿಮ್ಮ ಮಂಡಿ ಅದರ ಕೆಳಗೆ ಹೋಗಲ್ಲ. ಅದಕ್ಕೇ ಚಿಕ್ಕಪ್ಪನ ಹತ್ರ ನಾಲ್ಕು ಮರದ ತುಂಡು ಕೊಯ್ಸಿ ತಂದಿದ್ದೆ, ಕಾಲುಗಳ ಕೆಳಗೆ ಇಡೋಕೆ. ಕೊನೇ ವಾಲ್ಟ್ಸಿಗೆ ನೀವು ಬರ್ತೀರ ಅಂತ. ಆಮೇಲೆ ನಿನ್ನೆ ಗಾರ್ಲಂಡ್ ಫೋನ್ ಮಾಡಿ, ಬೇಡ, ಮನೆಯೋರು ಕರೀಬೇಡಿ ಅಂದಿದ್ದಾರೆ ಅಂದ್ರು. ನಂಗೆ ತುಂಬಾ—"

ಅವಳು ನಿಲ್ಲಿಸಿದಳು. ಮೊದಲು ಹಾಯ್ಟ್‌ನ ಮುಖ ನೋಡಿದಳು, ಆಮೇಲೆ ವರ್ಲಾಳದು. "ನಾನು... ನೀರು ಕುಡಿದು ಬರ್ತೀನಿ," ಎಂದು ಎದ್ದು ಹೋದಳು.

ಛಾವಣಿಯ ಫ್ಯಾನುಗಳು ತಿರುಗುತ್ತಿದ್ದವು. ಪಕ್ಕದ ಮೇಜಿನಲ್ಲಿ ಯಾರೋ ಕೊಲಾಚೆ ಎಂಬ ಸಿಹಿ ಬನ್ನಿನ ಡಬ್ಬಿ ಬಿಚ್ಚಿ ಗಸಗಸೆಯದು ಯಾರಿಗೆ, ಜರದಾಳು ಹಣ್ಣಿನದು ಯಾರಿಗೆ ಎಂದು ಕೂಗುತ್ತಿದ್ದರು.

"ಮನೆಯೋರು ಅಂದ್ರೆ ಯಾರು?" ಎಂದ ಹಾಯ್ಟ್.

"ನಾನು. ಇನ್ಯಾರಿದ್ದಾರೆ ಮನೇಲಿ?"

ಅವನು ಜೇಬಿನಿಂದ ಉಕ್ಕಿನ ತುಂಡನ್ನು ತೆಗೆದ. ಬಲಗೈಯಲ್ಲಿ ತೆಗೆಯಲು ಹೋಗಿ, ಆಗದೆ, ಎಡಗೈಯಲ್ಲಿ ತೆಗೆದ. ಅದನ್ನು ಮೇಜಿನ ಮೇಲೆ, ಬಿಯರ್ ಕ್ಯಾನಿನ ಪಕ್ಕದಲ್ಲಿ ಇಟ್ಟ.

"ಬಂದಾಗಿನಿಂದ ಗಾರ್ಲಂಡ್ ನನ್ನ ಕಡೆ ತಿರುಗಿ ನೋಡಿಲ್ಲ. ನನ್ನ ಮೇಲೆ ಏನೋ ಸಿಟ್ಟು ಅಂದ್ಕೊಂಡೆ. ನಾನು ಏನು ಮಾಡಿದ್ನಪ್ಪ ಅಂತ ಕೂತು ಯೋಚಿಸ್ತಿದ್ದೆ."

"ಈಗ್ಲೇ ಹೋಗಿ ಹೇಳ್ತೀನಿ, ಕರೀಲಿ ಅಂತ." ಅವಳು ಕುರ್ಚಿ ಹಿಂದೆ ಸರಿಸಿದಳು.

"ಕೂತ್ಕೋ. ಬೇಡಿ ತಂದ ಕರೆ ಕರೆಯಲ್ಲ."

"ಹಾಯ್ಟ್, ಈಸ್ಟರ್ ದಿನ—"

"ಈಸ್ಟರ್ ದಿನ ಏನಾಯ್ತು ಅಂತ ನಂಗೊತ್ತು. ನಾನೂ ಅಲ್ಲೇ ಇದ್ದೆ." ಬಲಗೈಯನ್ನು ಮೇಜಿನ ಮೇಲಿಟ್ಟು ನೋಡಿದ. ಕಲಸಿದ ಮುದ್ರೆಯ ಕೈ ತನ್ನಷ್ಟಕ್ಕೆ ತಾನು ಅಲುಗಾಡುತ್ತಿತ್ತು. "ಆಗುತ್ತೋ ಇಲ್ವೋ ನಾನು ನೋಡ್ಕೊಳ್ತಿದ್ದೆ. ಆಗ್ದೇ ಇದ್ರೆ ಆಗ್ದೇ ಇರೋದು ನಂದು. ಅದನ್ನೂ ನೀನು ಎತ್ತಿಟ್ಕೊಂಡ್ಯಲ್ಲ."

ಬೂಟು ಹಾಕಿಸುವುದು, ಮಾಂಸ ತುಂಡು ಮಾಡಿ ಕೊಡುವುದು, ಮಾತ್ರೆ ಎಣಿಸುವುದು, ಗಡ್ಡ ತೆಗೆಯುವುದು. ಒಂದೊಂದಾಗಿ ಎತ್ತಿಕೊಳ್ಳುತ್ತ ಬಂದವಳಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿದಿರಲಿಲ್ಲ. ಅವನು ಹೇಳಿದ್ದು ಸರಿ ಎಂದು ಗೊತ್ತಿತ್ತು, ಅದಕ್ಕೇ ಸಿಟ್ಟು ಬಂತು.

"ನಂಗೆ ಸುಸ್ತಾಗಿದೆ ಹಾಯ್ಟ್," ಎಂದಳು. ಅಳುತ್ತೇನೆ ಎಂದುಕೊಂಡಿದ್ದಳು, ಅಳು ಬರಲಿಲ್ಲ. "ಕಾಲಿಂದ ತಲೆವರೆಗೆ ಸುಸ್ತಾಗಿದೆ. ಕೈಗೋಸ್ಕರ ಮಾತ್ರ ಅಲ್ಲ ನಾನು ಬೇಡ ಅಂದಿದ್ದು. ಕೊನೇ ವಾಲ್ಟ್ಸ್ ಶುರುವಾದಾಗ ಒಂದ್ಸಲನಾದ್ರೂ ನೀನು ಇಲ್ಲಿ ಕೂತಿರ್ಬೇಕು ಅಂತಿತ್ತು. ಇಪ್ಪತ್ತೊಂಬತ್ತು ವರ್ಷ, ವಾಲ್ಟ್ಸ್ ಬಂದಾಗೆಲ್ಲ ನಾನು ಊರೋರ ಪರ್ಸು ಕಾದಿದ್ದೀನಿ. ನೀನು ನೋಡಿಲ್ವಾ? ಮೇಲಿಂದ ದಿನಾ ನೋಡ್ತಿದ್ದೆ ತಾನೆ?"

ಹಾಯ್ಟ್ ತಿರುಗಿ ಸ್ಪೀಕರ್ ಪೆಟ್ಟಿಗೆಗಳನ್ನು ನೋಡಿದ, ಸಂದಿಯಲ್ಲಿ ಕಂಡ ಗಿಟಾರಿನ ಪೆಡಲುಗಳನ್ನು ನೋಡಿದ, ಮತ್ತೆ ಅವಳನ್ನು ನೋಡಿದ.

"ಮೇಲೆ ನನ್ನ ಜಾಗದಿಂದ ಈ ಮೇಜು ಕಾಣಲ್ಲ ವರ್ಲಾ," ಎಂದ. "ಸ್ಪೀಕರ್ ಅಡ್ಡ."

"ಕಾಣಲ್ವಾ?"

"ಯಾವತ್ತೂ ಕಂಡಿಲ್ಲ. ನೀನು ಆ ಹೆಂಗಸ್ರ ಜೊತೆ ಹರಟೆ ಹೊಡ್ಕೊಂಡು ಇರ್ತೀಯ ಅಂದ್ಕೊಂಡಿದ್ದೆ."

ಅವನ ಕಾಲು ಕಾಣುತ್ತಿದ್ದರಿಂದ ಅವನಿಗೆ ತಾನೂ ಕಾಣುತ್ತೇನೆ ಎಂದು ವರ್ಲಾ ತಿಳಿದಿದ್ದಳು. ವಾಲ್ಟ್ಸ್ ಬಂದಾಗ ಬೆನ್ನು ನೇರ ಮಾಡಿ, ಮುಖ ಸರಿಮಾಡಿಕೊಂಡು ಕೂರುತ್ತಿದ್ದಳು. ಅಷ್ಟೂ ಸಲ ಸ್ಪೀಕರ್ ಪೆಟ್ಟಿಗೆಗೆ ಮುಖ ತೋರಿಸಿದಂತಾಯಿತು.

ಮೂರನೆಯ ಸರದಿ ಶುರುವಾಯಿತು. ಹಾಡಿನ ಮೇಲೆ ಹಾಡು ಹೋಯಿತು. ಎತ್ತಿ ನಿಲ್ಲಿಸಿದ್ದ ಹಲಗೆಗಳ ಕೆಳಗಿನಿಂದ ಪಡುವಣದ ಬಿಸಿಲು ಅಡ್ಡಡ್ಡವಾಗಿ ಒಳಗೆ ಬಂದು, ಕುಣಿಯುವವರ ಬೂಟುಗಳ ಸುತ್ತ ಜೋಳದ ಹಿಟ್ಟಿನ ಧೂಳು ಹೊಳೆಯಿತು. ಹಾಯ್ಟ್‌ನ ಕಾಲು ಮೇಜಿನ ಕೆಳಗೆ ಅಲುಗಾಡಲಿಲ್ಲ. ವರ್ಲಾ ಅದನ್ನೇ ನೋಡುತ್ತ ಕೂತಳು. ಮತ್ತೆ ನಾಲ್ಕು ದಿನದ ಮೌನ ಶುರುವಾಯಿತು ಎಂದುಕೊಂಡಳು.

ಆರಕ್ಕೆ ಹತ್ತು ನಿಮಿಷ ಇರುವಾಗ ಗಾರ್ಲಂಡ್ ಟೋಪಿ ತೆಗೆದ. ಕೊನೆಯ ವಾಲ್ಟ್ಸಿಗೆ ಮೊದಲು ಅವನು ಟೋಪಿ ತೆಗೆದು ಬ್ಯಾಂಡಿನವರ ಹೆಸರು ಹೇಳುವುದು ವಾಡಿಕೆ. ಡ್ರಮ್ಮು, ಪಿಟೀಲು, ಬಾಸ್ ಹೇಳಿ, "ಸ್ಟೀಲ್ ಗಿಟಾರಿನಲ್ಲಿ..." ಎಂದು ನಿಲ್ಲಿಸಿದ. ಜನ ಸದ್ದಡಗಿಸಿ ಈ ಮೂಲೆಗೆ ತಿರುಗಿದರು. ಎಮಿಲ್ ಚಪ್ಪಾಳೆಗೆ ಕೈ ಎತ್ತಿದ್ದ. ಗಾರ್ಲಂಡ್ ವೇದಿಕೆಯ ಅಂಚಿಗೆ ಬಂದು ಇಡೀ ಮಧ್ಯಾಹ್ನದಲ್ಲಿ ಮೊದಲ ಸಲ ಹಾಯ್ಟ್‌ನನ್ನು ನೋಡಿದ. ಕರೆಯಬೇಕೆಂದು ಅವನ ಬಾಯಿ ತೆರೆದದ್ದು ವರ್ಲಾಳಿಗೆ ಕಾಣಿಸಿತು. ಹಾಯ್ಟ್ ಮೆಲ್ಲಗೆ ತಲೆಯಾಡಿಸಿದ, ಬೇಡ ಎಂದು.

"ಸ್ಟೀಲ್ ಗಿಟಾರಿನಲ್ಲಿ ನಮ್ಮ ಮಾರಿಸೋಲ್," ಎಂದ ಗಾರ್ಲಂಡ್.

ಚಪ್ಪಾಳೆ ಬಿತ್ತು, ಜೋರಾಗಿಯಲ್ಲ. ಹಾಯ್ಟ್ ತಾನೂ ತಟ್ಟಿದ. ನಡುಗುವ ಕೈ ಅವನ ತಾಳಕ್ಕೆ ಬರಲಿಲ್ಲ. ಪಿಟೀಲು ವಾಲ್ಟ್ಸ್ ಎತ್ತಿಕೊಂಡಿತು. ಹಾಯ್ಟ್ ಮೇಜು ಹಿಡಿದು ಎದ್ದ. ಮನೆಗೆ ಹೊರಟ ಎಂದುಕೊಂಡು ವರ್ಲಾ ಪರ್ಸಿಗೆ ಕೈ ಹಾಕಿದಳು.

"ಅದನ್ನ ಬಿಡು," ಎಂದ ಅವನು. "ಯಾರೂ ಕದಿಯಲ್ಲ."

ಅವನು ವೇದಿಕೆಯ ಮುಂದಿನ ನೆಲಕ್ಕೆ ಹೋಗಿ ನಿಂತು ಅವಳಿಗಾಗಿ ಕಾದ. ಅವಳು ಕುರ್ಚಿಯಿಂದ ಎದ್ದದ್ದು ಹೇಗೋ, ಆ ಹತ್ತು ಹೆಜ್ಜೆ ನಡೆದದ್ದು ಹೇಗೋ. ಮೇಜಿನ ಮೇಲೆ ಪರ್ಸು, ಅದರ ಪಕ್ಕದಲ್ಲಿ ಉಕ್ಕಿನ ತುಂಡು, ಎರಡೂ ಕಾವಲಿಲ್ಲದೆ ಉಳಿದವು.

"ನಂಗೆ ಬರಲ್ಲ, ಗೊತ್ತಲ್ಲ," ಎಂದ.

"ಗೊತ್ತು."

ಎಡಗೈಯಲ್ಲಿ ಅವಳ ಕೈ ಹಿಡಿದು, ಬಲಗೈಯನ್ನು ಅವಳ ಬೆನ್ನಿಗಿಟ್ಟು, ವೇದಿಕೆಯ ಕಡೆ ಮುಖ ಮಾಡಿ, ಹಾಯ್ಟ್ ಗಟ್ಟಿ ಮನಸ್ಸು ಮಾಡಿ ಬಲಕ್ಕೆ ಹೊರಟ. ಮೂರು ಹೆಜ್ಜೆಗೆ ಎದುರಿನ ಜೋಡಿ ಮೈಮೇಲೆ ಬಂದಿತ್ತು. ಅವರು ಪಕ್ಕಕ್ಕೆ ಸರಿದರೆ ಅವರ ಹಿಂದಿನವರು, ಅವರ ಹಿಂದೆ ಇನ್ನೊಬ್ಬರು. ಇಡೀ ಹಾಲು ಅವರಿಗೆ ಎದುರಾಗಿ ಬರುತ್ತಿತ್ತು.

"ಹಾಯ್ಟ್, ಎದುರು ದಾರೀಲಿ ಗಾಡಿ ಬಿಟ್ಟಿದ್ದೀಯಲ್ಲೋ!" ಎಂದು ಒಬ್ಬ ಹೆಂಗಸಿನೊಂದಿಗೆ ಕುಣಿಯುತ್ತ ಸಾಗಿದ್ದ ಎಮಿಲ್ ಕೂಗಿದ.

ಹಾಯ್ಟ್ ತಬ್ಬಿಬ್ಬಾಗಿ ನಿಂತ. "ಇದೇ ಕಡೆ ತಾನೆ ಹೋಗ್ತಿದ್ದದ್ದು? ಎಲ್ರೂ ಎಡದಿಂದ ಬಲಕ್ಕೆ ಹೋಗ್ತಿದ್ರು. ನಾನು ದಿನಾ ನೋಡಿದ್ದೀನಿ."

"ಮೇಲಿಂದ ನೋಡಿದ್ದೀಯ," ಎಂದಳು ವರ್ಲಾ. "ಈಗ ಕೆಳಗಿದ್ದೀಯ, ಎಡ ಬಲ ಅದಲುಬದಲು."

ಅವನು ವೇದಿಕೆಯತ್ತ ನೋಡಿದ, ನೆಲದತ್ತ ನೋಡಿದ. ಮುಖ ಬೆಂಕಿಯಾಗಿತ್ತು. ಈಗ ಕೈ ಬಿಟ್ಟು ಹೋಗುತ್ತಾನೆ ಎಂದುಕೊಂಡಳು. ಅವನು ಬಿಡಲಿಲ್ಲ, ಮುಂದೆಯೂ ಹೋಗಲಿಲ್ಲ.

"ನಡುವೆ ಹೋಗೋಣ ಬಾ," ಎಂದು ಅವಳೇ ಅವನನ್ನು ಒಳಕ್ಕೆ ಕರೆದೊಯ್ದಳು. ಜೋಡಿಗಳು ದಾರಿ ಬಿಟ್ಟವು. ನಟ್ಟನಡುವೆ ಒಬ್ಬ ಅಜ್ಜಿ ಎರಡು ವರ್ಷದ ಮೊಮ್ಮಗಳನ್ನು ಎತ್ತಿಕೊಂಡು ತೂಗುತ್ತಿದ್ದಳು, ಅಷ್ಟೇ. ಅಲ್ಲಿ ಯಾವ ಕಡೆಗೂ ಹೋಗಬೇಕಾಗಿರಲಿಲ್ಲ. ಅವರು ಸುಮ್ಮನೆ ನಿಂತರು. ಜನ ಸುತ್ತ ತಿರುಗುತ್ತಿದ್ದರು. ಬೆನ್ನಿನ ಮೇಲೆ ಅವನ ಬಲಗೈ ನಡುಗುತ್ತಿರುವುದು ಬಟ್ಟೆಯ ಮೇಲಿಂದಲೇ ತಿಳಿಯುತ್ತಿತ್ತು. ಅದಕ್ಕೆ ತಾಳವೂ ಇಲ್ಲ, ಹಾಡಿಗೆ ಅದು ಸೇರುವುದೂ ಇಲ್ಲ. ಅವಳು ಬೆನ್ನನ್ನು ಆ ಕೈಗೆ ಒರಗಿಸಿದಳು. ತನ್ನ ಭಾರ ಸ್ವಲ್ಪ ಅದರ ಮೇಲೆ ಬಿಟ್ಟಳು.

ಗಾರ್ಲಂಡ್ ಹಾಡು ನಿಲ್ಲಿಸಿ ಹಿಂದೆ ಸರಿದ. ಸ್ಟೀಲ್ ಗಿಟಾರ್ ಒಂಟಿಯಾಗಿ ನುಡಿಯುವ ಸಾಲು ಬಂತು.

ಹಾಯ್ಟ್‌ನ ಎಡಗಾಲಿನ ಬೂಟು ಎದ್ದು ಅವಳ ಊದಿದ ಪಾದದ ಮೇಲೆ ಇಳಿಯಿತು, ಪೆಡಲು ತುಳಿದಂತೆ ಒತ್ತಿತು. ಆಮೇಲೆ ವೇದಿಕೆಯ ಮೇಲಿಂದ ಸ್ವರ ಮೇಲೇರಿ ಬಂತು. ನೋವಾಯಿತು. ವರ್ಲಾ ಪಾದವನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವನು ಕಾಲೆತ್ತುವುದನ್ನೇ ಕಾದು ನಿಂತಳು.